ದಾಕ್ಷಿಣ್ಯದ ಬೆಲೆ



ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕಾಯಕವೆಂಬ ಮಾತು ಪಡೆದ ಅರ್ಥವಿಸ್ತಾರದಲ್ಲಿ ಮಾರುವ ಕೆಲಸವೂ ಸೇರಿತ್ತು. ಕಟ್ಟಿಗೆ ಮಾರಿದ ಮೋಳಿಗೆಯ ಮಾರಯ್ಯ, ಹಗ್ಗ ಹೊಸೆದು ಮಾರಿದ ನುಲಿಯ ಚಂದಯ್ಯ ಮೊದಲಾದ ಶರಣರಿಗೆ ಸಂತೆಯೂ ನಡೆನುಡಿಗಳ ಪರೀಕ್ಷೆಯ ಸ್ಥಳವೇ ಆಗಿತ್ತು. ಅಂದಿನ ಸಂತೆಯಲ್ಲಿ ಮೋಸಕ್ಕೆ ಮುಖ್ಯ ದಾರಿ ತಕ್ಕಡಿ ಮತ್ತು ಅಳತೆ. ಇಂದಿನ ಮೊಬೈಲ್ ಅಂಗಡಿಯಲ್ಲಿ ತಕ್ಕಡಿಯೇ ಇಲ್ಲ. ಪೆಟ್ಟಿಗೆಗೆ ಮೊಹರಿದೆ, ಬೆಲೆ ಮುದ್ರಿತವಾಗಿದೆ, ರಸೀದಿ ಯಂತ್ರದಿಂದ ಬರುತ್ತದೆ. ಆದರೂ ಒಂದು ಫೋನಿಗೆಂದು ಹೋದ ಹಳ್ಳಿಯ ಗ್ರಾಹಕ ತಾನು ಕೇಳದ ನಾಲ್ಕಾರು ವಸ್ತುಗಳನ್ನೂ, ತಾನು ಎಣಿಸದ ಸಾಲವನ್ನೂ ಹೊತ್ತು ಮನೆಗೆ ಬರುವುದು ಸಾಮಾನ್ಯವಾಗಿದೆ. ಯಾರೂ ಅವನ ಜೇಬಿಗೆ ಕೈ ಹಾಕಿರುವುದಿಲ್ಲ. ಎಲ್ಲದಕ್ಕೂ ಅವನೇ ತಲೆಯಾಡಿಸಿರುತ್ತಾನೆ. ಇದು ಹೇಗಾಗುತ್ತದೆ ಎಂಬುದನ್ನು ವಿಚಾರಿಸುವುದು ಇಲ್ಲಿನ ಉದ್ದೇಶ.

ಜಾವಗಲ್ ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. 13ನೆಯ ಶತಮಾನದ ಹೊಯ್ಸಳ ಶೈಲಿಯ ಲಕ್ಷ್ಮೀನರಸಿಂಹ ದೇವಾಲಯದಿಂದ ಹೆಸರಾದ ಈ ಊರಿನ ಸುತ್ತಮುತ್ತ ರಾಗಿಯ ಹೊಲಗಳೂ ತೆಂಗಿನ ತೋಟಗಳೂ ಇವೆ. ತೆಂಗಿನ ಕಾಯಿ ಉಂಡೆ ಕೊಬ್ಬರಿಯಾಗಲು ಸುಮಾರು ಒಂದು ವರ್ಷ ಅಟ್ಟದ ಮೇಲೆ ಕಾಯಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಆರಿಸಿ, ಚೀಲ ತುಂಬಿ ಮಾರುಕಟ್ಟೆಗೆ ಸಾಗಿಸಬೇಕು. ಕೇಂದ್ರ ಸರ್ಕಾರವು 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ನಿಗದಿಪಡಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ, ಅಂದರೆ ಕಿಲೋಗ್ರಾಮಿಗೆ 120 ರೂಪಾಯಿ. ಈ ಭಾಗದಲ್ಲಿ ಹಣದ ಲೆಕ್ಕವನ್ನು ಕೊಬ್ಬರಿಯ ತೂಕದಲ್ಲಿ ಹಾಕುವ ವಾಡಿಕೆ ಹಿರಿಯರಲ್ಲಿ ಇಂದಿಗೂ ಉಳಿದಿದೆ. ಮುಂದೆ ಹೇಳುವ ಪ್ರಸಂಗವನ್ನು ಅದೇ ಅಳತೆಯಿಂದ ನೋಡುವುದು ಉಚಿತ.

2024ರ ದೀಪಾವಳಿಯ ವಾರದಲ್ಲಿ ಜಾವಗಲ್ ಕಡೆಯ ಹಿರಿಯ ತೆಂಗು ಬೆಳೆಗಾರರೊಬ್ಬರು ಪಟ್ಟಣದ ಮೊಬೈಲ್ ಅಂಗಡಿಯೊಂದಕ್ಕೆ ಹೋದರು. ಹಳೆಯ ಫೋನಿನ ಪರದೆ ಒಡೆದಿತ್ತು. ಬೆಂಗಳೂರಿನಲ್ಲಿರುವ ಮಗಳು ಒಂದು ಫೋನಿನ ಹೆಸರನ್ನೂ ಅದರ ಬೆಲೆ 11,499 ರೂಪಾಯಿ ಎಂಬುದನ್ನೂ ಚೀಟಿಯಲ್ಲಿ ಬರೆದುಕೊಳ್ಳುವಂತೆ ಹೇಳಿದ್ದಳು. ಜೇಬಿನಲ್ಲಿ 11,500 ರೂಪಾಯಿ ಇತ್ತು. ಮೊಮ್ಮಗುವಿನ ಮುಖ ನೋಡುತ್ತಾ ಮಾತನಾಡುವುದು, ಮಳೆಯ ಮುನ್ಸೂಚನೆ ತಿಳಿಯುವುದು, ಹಾಲಿನ ಹಣ ಖಾತೆಗೆ ಬಂತೇ ಎಂದು ನೋಡುವುದು ಇಷ್ಟೇ ಅವರ ಅಗತ್ಯ.

ಅಂಗಡಿಯ ಬಾಗಿಲಲ್ಲೇ ಕಂಪನಿಯ ಅಂಗಿ ತೊಟ್ಟ ಯುವಕನೊಬ್ಬ ‘ಬನ್ನಿ ಅಜ್ಜಾರೆ’ ಎಂದು ಕೈಹಿಡಿದು ಕರೆದುಕೊಂಡ. ಚೀಟಿ ನೋಡಿ, ಆ ಫೋನ್ ದಾಸ್ತಾನಿಲ್ಲ, ಬಂದರೂ ಅದರ ಬಗ್ಗೆ ದೂರುಗಳು ಬಹಳ ಎಂದ. ಗ್ರಾಹಕರು ತಿಳಿಯಬೇಕಾದ ಮೊದಲ ಸಂಗತಿ ಇಲ್ಲಿದೆ. ಇಂತಹ ಅಂಗಡಿಗಳಲ್ಲಿ ಕಂಪನಿಯ ಅಂಗಿ ತೊಟ್ಟು ನಿಂತವರು ಅನೇಕ ವೇಳೆ ಅಂಗಡಿಯ ನೌಕರರಾಗಿರುವುದಿಲ್ಲ. ಫೋನು ತಯಾರಿಸುವ ಕಂಪನಿಯ ಪರವಾಗಿ ನೇಮಕಗೊಂಡ ‘ಪ್ರಮೋಟರ್’ಗಳಾಗಿರುತ್ತಾರೆ. ತಮ್ಮ ಕಂಪನಿಯ ಎಷ್ಟು ಫೋನುಗಳು ಮಾರಾಟವಾದವು ಎಂಬುದರ ಮೇಲೆ ಅವರ ಪ್ರೋತ್ಸಾಹಧನ ನಿಂತಿರುತ್ತದೆ. ಸಲಹೆಯ ಧ್ವನಿಯಲ್ಲಿ ಬರುವ ಅವರ ಮಾತು ಒಂದು ಪಕ್ಷದ ಮಾತು ಎಂಬುದನ್ನು ಮರೆಯಲಾಗದು.

ಚಹಾ ಬಂತು. ಪಕ್ಕದ ಊರಿನ ನೆಂಟಸ್ತಿಕೆಯ ಮಾತು ಬಂತು. 21,999 ರೂಪಾಯಿ ಎಂದು ಪೆಟ್ಟಿಗೆಯ ಮೇಲೆ ಮುದ್ರಿತವಾಗಿದ್ದ ಫೋನೊಂದನ್ನು ತೋರಿಸಿ, ಹಬ್ಬದ ಪ್ರಯುಕ್ತ ನಿಮಗೆ ಮಾತ್ರ 15,999, ಈ ಸಂಜೆಯವರೆಗೆ ಮಾತ್ರ ಎಂದ. ಗರಿಷ್ಠ ಮಾರಾಟ ಬೆಲೆ ಎಂಬುದು ಅದಕ್ಕಿಂತ ಹೆಚ್ಚು ಪಡೆಯಬಾರದೆಂಬ ಮಿತಿಯಷ್ಟೆ. ಊರಿಗೆಲ್ಲ 15,999ಕ್ಕೇ ಮಾರುವ ವಸ್ತುವಿನ ಮೇಲೆ ಎಷ್ಟು ದೊಡ್ಡ ಅಂಕಿ ಮುದ್ರಿತವಾಗಿದ್ದರೂ ಆ ಅಂತರ ಯಾರಿಗೂ ಮಾಡಿದ ಉಪಕಾರವಾಗದು. ಆದರೆ ಹಿರಿಯರ ಮನಸ್ಸಿಗೆ ಆರು ಸಾವಿರ ಉಳಿಯಿತೆಂದು ಕಂಡಿತು. ನಾಲ್ಕೂವರೆ ಸಾವಿರ ಹೆಚ್ಚಾಯಿತೆಂದು ಕಾಣಲಿಲ್ಲ.

ಅವರು ಇನ್ನೂ ಯೋಚಿಸುತ್ತಿರುವಾಗಲೇ ಹಳೆಯ ಫೋನಿನ ಸಿಮ್ ಹೊರಬಂದಿತ್ತು. ಪೆಟ್ಟಿಗೆಯ ಮೊಹರು ಒಡೆದಿತ್ತು. ಪರದೆಗೆ ಗಾಜು ಅಂಟಿತ್ತು, ಬೆನ್ನಿಗೆ ಕವರು ಏರಿತ್ತು. ಹಣ ಸಾಲದೆಂದು ಅವರು ಹೇಳಿದಾಗ ‘ಬಡ್ಡಿಯೇ ಇಲ್ಲದ ಕಂತು’ ಇದೆ ಎಂದು ಆಧಾರ್ ಸಂಖ್ಯೆ ಕೇಳಲಾಯಿತು. ಫೋನಿಗೆ ಬಂದ ಓಟಿಪಿಗಳನ್ನು ಆ ಯುವಕನೇ ಓದಿ ತುಂಬಿದ. ಪರದೆ ಒಡೆದರೆಂದು ರಕ್ಷಣಾ ಯೋಜನೆಯೊಂದು ಸೇರಿತು. ‘ಮಗಳು ಬೆಂಗಳೂರಿನಲ್ಲಿದ್ದಾಳೆ, ನೀವು ಇಷ್ಟಕ್ಕೂ ಹಿಂದೆ ಮುಂದೆ ನೋಡುವುದೇ?’ ಎಂಬ ಮಾತಿನೊಂದಿಗೆ ಕಿವಿಗೆ ಹಾಕುವ ಇಯರ್‌ಫೋನ್ ಕೂಡ ಚೀಲಕ್ಕೆ ಬಿತ್ತು. ಇಷ್ಟಕ್ಕೆ ಹಿಡಿದ ಸಮಯ ನಲವತ್ತು ನಿಮಿಷ.

ಮನೆಗೆ ಬಂದ ಮೇಲೆ ಅವರ ಪತ್ನಿ ಚೀಲದಲ್ಲಿದ್ದುದನ್ನೆಲ್ಲ ಜಗಲಿಯ ಮೇಲೆ ಒಂದೊಂದಾಗಿ ಇಟ್ಟರು. ಫೋನು 15,999. ಗಾಜು 499. ಕವರು 349. ಇಯರ್‌ಫೋನ್ 999. ರಕ್ಷಣಾ ಯೋಜನೆ 1,199. ಸಾಲದ ಸಂಸ್ಕರಣಾ ಶುಲ್ಕ 599. ಕೈಯಿಂದ ಕೊಟ್ಟದ್ದು 8,644 ರೂಪಾಯಿ. ಇನ್ನು ತಿಂಗಳಿಗೆ 1,375ರಂತೆ ಎಂಟು ಕಂತು. ಒಟ್ಟು 19,644. ಆ ತಾಯಿ ಬೈಯಲಿಲ್ಲ. ಒಂದೊಂದು ವಸ್ತುವನ್ನೂ ಎತ್ತಿ ಹಿಡಿದು ‘ಇದನ್ನು ನೀವು ಕೇಳಿದಿರಾ?’ ಎಂದಷ್ಟೇ ಕೇಳಿದರು. ಪ್ರತಿಯೊಂದಕ್ಕೂ ಉತ್ತರ ಒಂದೇ ಬಂತು: ‘ಇಲ್ಲ, ಅವರೇ ಕೊಟ್ಟರು.’ ‘ಬೇಡವೆನ್ನಬಹುದಿತ್ತಲ್ಲ?’ ಎಂದಾಗ ಹಿರಿಯರು ಹೇಳಿದ್ದು ಇಷ್ಟು: ‘ಪಾಪ, ಆ ಹುಡುಗ ಅಷ್ಟು ಹೊತ್ತು ನಿಂತು ತೋರಿಸಿದ. ಚಹಾ ಕೊಟ್ಟ. ಪೆಟ್ಟಿಗೆಯನ್ನೂ ಬಿಚ್ಚಿದ್ದ. ಬೇಡ ಎನ್ನಲು ಬಾಯಿ ಬರಲಿಲ್ಲ.’

ಚೀಟಿಯಲ್ಲಿದ್ದ ಬೆಲೆಗಿಂತ ಹೆಚ್ಚಾದದ್ದು 8,145 ರೂಪಾಯಿ. ಬೆಂಬಲ ಬೆಲೆಯ ಲೆಕ್ಕದಲ್ಲಿ ಅದು ಸುಮಾರು 68 ಕಿಲೋ ಉಂಡೆ ಕೊಬ್ಬರಿ. ಒಂದು ವರ್ಷ ಅಟ್ಟದ ಮೇಲೆ ಕಾದಿದ್ದ ಫಲ ನಲವತ್ತು ನಿಮಿಷದಲ್ಲಿ ಹೋಯಿತು, ಅದೂ ಬಾಯಿ ಬಾರದ ಒಂದೇ ಕಾರಣಕ್ಕೆ.

ಈ ದಾಕ್ಷಿಣ್ಯ ಹಳ್ಳಿಯ ಬದುಕಿನ ದೋಷವಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸದಿರುವುದು, ಒಬ್ಬರ ಶ್ರಮವನ್ನು ವ್ಯರ್ಥಗೊಳಿಸಲು ಹಿಂಜರಿಯುವುದು, ಎದುರಿಗಿದ್ದವರ ಮುಖ ಬಾಡದಂತೆ ನಡೆಯುವುದು ಊರುಗಳನ್ನು ಹಿಡಿದಿಟ್ಟ ಗುಣಗಳು. ಒತ್ತಾಯದ ಮಾರಾಟ ನಿಂತಿರುವುದು ಗ್ರಾಹಕನ ಅಜ್ಞಾನಕ್ಕಿಂತ ಹೆಚ್ಚಾಗಿ ಈ ಒಳ್ಳೆಯತನದ ಮೇಲೆಯೇ. ಒಂದು ಲೋಟ ಚಹಾ ಕೊಟ್ಟು ಋಣಭಾವ ಹುಟ್ಟಿಸುವುದು, ಕೇಳದೆಯೇ ಪೆಟ್ಟಿಗೆ ಬಿಚ್ಚಿ ತಪ್ಪಿತಸ್ಥನ ಭಾವ ಹುಟ್ಟಿಸುವುದು, ಸಂಜೆಯ ಗಡುವು ಹೇಳಿ ಯೋಚಿಸುವ ಹೊತ್ತನ್ನೇ ಕಸಿಯುವುದು ಇದರ ಕ್ರಮ. ಸಜ್ಜನಿಕೆ ಹೆಚ್ಚಿದ್ದಷ್ಟೂ ನಷ್ಟ ಹೆಚ್ಚು ಎಂಬಂತಾದರೆ ಆ ವ್ಯಾಪಾರ ಸಮಾಜದ ಬೇರನ್ನೇ ತಿನ್ನುತ್ತದೆ.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಶರಣ ಬಂಧುಗಳಿಗೆ ತಿಳಿದದ್ದೇ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬರುವಂತೆ ಕಳಿಸಿದಳೆಂದು ಪರಂಪರೆ ಹೇಳುತ್ತದೆ. ಈ ಕಥೆಯನ್ನು ಸಾಮಾನ್ಯವಾಗಿ ಆಸೆಯ ನಿರಾಕರಣೆಯೆಂದು ವಿವರಿಸಲಾಗುತ್ತದೆ. ಅದರಲ್ಲಿ ಇನ್ನೊಂದು ಅಂಶವೂ ಇದೆ. ಹೆಚ್ಚಿನ ಅಕ್ಕಿಯನ್ನು ಮಾರಯ್ಯ ಕದ್ದಿರಲಿಲ್ಲ, ಬೇಡಿಯೂ ಇರಲಿಲ್ಲ. ಅದು ಅವನ ದಾರಿಯಲ್ಲಿ ಉದ್ದೇಶಪೂರ್ವಕವಾಗಿ ಚೆಲ್ಲಲ್ಪಟ್ಟಿತ್ತು. ಎದುರಿಗೆ ಇಟ್ಟದ್ದನ್ನೆಲ್ಲ ಎತ್ತಿಕೊಳ್ಳುವುದು ಮನುಷ್ಯಸಹಜ. ‘ನಮ್ಮ ಅಗತ್ಯವೆಷ್ಟು?’ ಎಂಬ ಪ್ರಶ್ನೆಯನ್ನು ಆಗ ಯಾರಾದರೂ ಕೇಳಬೇಕಾಗುತ್ತದೆ. ಜಗಲಿಯ ಮೇಲೆ ಆ ತಾಯಿ ಕೇಳಿದ್ದೂ ಅದೇ ಪ್ರಶ್ನೆಯನ್ನು.

ಮರುದಿನ ದಂಪತಿಗಳಿಬ್ಬರೂ ರಸೀದಿಯೊಂದಿಗೆ ಅಂಗಡಿಗೆ ಹೋದರು. ಮೊಹರು ಒಡೆಯದ ಇಯರ್‌ಫೋನನ್ನೂ, ಇನ್ನೂ ನೋಂದಣಿಯಾಗದ ರಕ್ಷಣಾ ಯೋಜನೆಯನ್ನೂ ಮಾಲೀಕರು ತುಸು ಮಾತಿನ ನಂತರ ಹಿಂದಕ್ಕೆ ಪಡೆದು 2,198 ರೂಪಾಯಿ ಮರಳಿಸಿದರು. ಫೋನು, ಅಂಟಿಸಿದ ಗಾಜು, ಕವರು, ಸಾಲ ಮತ್ತು ಅದರ ಶುಲ್ಕ ಉಳಿದುವು. ಅಂಗಡಿಯಲ್ಲಿ ‘ಬೇಡ’ ಎನ್ನದೆ ಬಂದದ್ದರಲ್ಲಿ ಎಲ್ಲವನ್ನೂ ಮನೆಯಿಂದ ಹಿಂದಿರುಗಿ ಹೇಳಲಾಗದು ಎಂಬುದು ಇದರಿಂದ ತಿಳಿಯುತ್ತದೆ.

ಇಂತಹ ಸಂದರ್ಭದಲ್ಲಿ ಕಾನೂನು ಎಷ್ಟು ನೆರವಾಗುತ್ತದೆ ಎಂಬುದನ್ನೂ ಅರಿಯಬೇಕು. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ಒಂದು ವಸ್ತುವನ್ನು ಕೊಳ್ಳಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕೆಂದು ಷರತ್ತು ಹಾಕುವುದು ನಿರ್ಬಂಧಕ ವ್ಯಾಪಾರ ಪದ್ಧತಿ. ರಸೀದಿ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ಕಂತಿನ ವಿಷಯದಲ್ಲಿ, ಕ್ರೆಡಿಟ್ ಕಾರ್ಡಿನ ಶೂನ್ಯ ಬಡ್ಡಿಯ ಕಂತು ಯೋಜನೆಗಳಲ್ಲಿ ಬಡ್ಡಿಯ ಅಂಶ ಸಂಸ್ಕರಣಾ ಶುಲ್ಕದ ರೂಪದಲ್ಲಿ ಮರೆಯಾಗಿರುತ್ತದೆಂದು ಭಾರತೀಯ ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಎಚ್ಚರಿಸಿತ್ತು. 2024ರ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೆ ಮುಖ್ಯಾಂಶಗಳ ಪತ್ರವನ್ನು ಕೊಡುವುದು ಕಡ್ಡಾಯ. ಎಲ್ಲ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ ಅದರಲ್ಲಿ ಇರಬೇಕು. ಅದು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿಯೂ ಇರಬೇಕು. ಕನ್ನಡದಲ್ಲಿ ಕೊಡಿರೆಂದು ಕೇಳಲು ಯಾರೂ ಸಂಕೋಚಪಡಬೇಕಾಗಿಲ್ಲ. ಆನ್‌ಲೈನ್ ಮಾರಾಟದಲ್ಲಿ ಸುಳ್ಳು ಗಡುವು ಹೇಳುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ನಿರಾಕರಿಸುವವನಿಗೆ ನಾಚಿಕೆ ಹುಟ್ಟಿಸುವುದು ಮೊದಲಾದ 13 ಬಗೆಯ ತಂತ್ರಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ‘ಡಾರ್ಕ್ ಪ್ಯಾಟರ್ನ್’ ಎಂದು ಹೆಸರಿಸಿ ನಿಷೇಧಿಸಿದೆ. ಈ ಮೂರೂ ತಂತ್ರಗಳು ಅಂಗಡಿಯ ಕಟ್ಟೆಯಲ್ಲಿ ಮೊದಲಿನಿಂದಲೂ ಇದ್ದವೇ. ಮುಗುಳ್ನಗೆಯಿಂದ ಮಾಡಿದ ಒತ್ತಾಯಕ್ಕೆ ಅಲ್ಲಿ ಸಾಕ್ಷಿ ಒದಗಿಸುವುದು ಮಾತ್ರ ಕಷ್ಟ.

ಆದುದರಿಂದ ಕೆಲವು ಸರಳ ನಿಯಮಗಳು ಉಪಯುಕ್ತ. ಬೇಕಾದ ಫೋನಿನ ಹೆಸರು ಮತ್ತು ಬೆಲೆಯನ್ನು ಬರೆದುಕೊಂಡು, ಸಾಧ್ಯವಾದರೆ ಇನ್ನೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ನಿರ್ಧಾರವಾಗುವ ತನಕ ಹಳೆಯ ಫೋನನ್ನಾಗಲಿ ಸಿಮ್ಮನ್ನಾಗಲಿ ಕೊಡಬಾರದು. ‘ಪೆಟ್ಟಿಗೆ ಬಿಚ್ಚಬೇಡಿ’ ಎಂದು ಮೊದಲೇ ಹೇಳಬೇಕು. ಓಟಿಪಿ ಹೇಳುವುದು ಸಹಿ ಹಾಕಿದಂತೆ ಎಂಬುದನ್ನು ನೆನಪಿಡಬೇಕು. ಚೀಟಿಯಲ್ಲಿದ್ದ ಫೋನು ಇಲ್ಲವೆಂದರೆ ‘ನಾಳೆ ಬರುತ್ತೇನೆ’ ಎಂದು ಎದ್ದು ಬರಬೇಕು. ನಾಳೆಗೆ ಉಳಿಯದ ರಿಯಾಯಿತಿ ಬಹಳ ಅಪರೂಪ. ಕೊಂಡ ಫೋನಿನಲ್ಲಿ *#06# ಒತ್ತಿದರೆ ಬರುವ 15 ಅಂಕಿಯ ಐಎಂಇಐ ಸಂಖ್ಯೆ ಪೆಟ್ಟಿಗೆ ಮತ್ತು ರಸೀದಿಯ ಮೇಲಿನ ಸಂಖ್ಯೆಗೆ ಹೊಂದಬೇಕು. ಪ್ರತಿ ವಸ್ತುವಿನ ಬೆಲೆ ಬೇರೆ ಬೇರೆಯಾಗಿ ನಮೂದಾದ ರಸೀದಿ ಪಡೆಯಬೇಕು. ಅನ್ಯಾಯವಾಗಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಎರಡು ವರ್ಷದೊಳಗೆ ಹಾಸನದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಂಡ ವಸ್ತುವಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ.

ಕಡೆಯದಾಗಿ ಆ ಯುವಕನ ವಿಷಯ. ಅವನೂ ಯಾವುದೋ ಊರಿನ ರೈತನ ಮಗನೇ ಇರಬೇಕು. ಇಡೀ ದಿನ ನಿಂತೇ ಇರುವ ಕೆಲಸ, ತಿಂಗಳ ಕೊನೆಗೆ ಮುಟ್ಟಬೇಕಾದ ಗುರಿ, ಮುಟ್ಟದಿದ್ದರೆ ಕೆಲಸ ಹೋಗುವ ಭಯ. ಫೋನಿನ ಮೇಲೆ ಅಂಗಡಿಗೆ ಉಳಿಯುವ ಲಾಭ ತೆಳು; ಗಾಜು, ಕವರು, ಯೋಜನೆ, ಸಾಲಗಳ ಮೇಲೆ ಉಳಿಯುವುದು ಹೆಚ್ಚು. ಹೀಗಾಗಿ ಒತ್ತಾಯ ಮೇಲಿನಿಂದ ಇಳಿದು ಅವನ ಬಾಯಲ್ಲಿ ಅಜ್ಜಾರೆ ಎಂಬ ಸವಿಮಾತಾಗಿ ಬರುತ್ತದೆ. ಅವನನ್ನು ಹೀನಾಯವಾಗಿ ಕಾಣುವುದು ಸಲ್ಲದು. ಆದರೆ ಅವನ ಗುರಿಯನ್ನು ತುಂಬಿಸುವುದು ಗ್ರಾಹಕನ ಧರ್ಮವೂ ಅಲ್ಲ. ನುಲಿಯ ಚಂದಯ್ಯ ತನ್ನ ಹಗ್ಗಕ್ಕೆ ಸಲ್ಲುವ ಬೆಲೆಗಿಂತ ಹೆಚ್ಚಿನದನ್ನು ಒಪ್ಪಲಿಲ್ಲವೆಂದು ಪರಂಪರೆ ಹೇಳುತ್ತದೆ. ಮಾರುವವನ ಕಾಯಕ ಕೊಳ್ಳುವವನ ಅಗತ್ಯಕ್ಕೆ ನಿಲ್ಲಬೇಕೆಂಬ ತಿಳಿವು ಅಂಗಡಿಯ ಮಾಲೀಕರಲ್ಲಿಯೂ, ಅವರಿಗೆ ಗುರಿ ಕೊಡುವ ಕಂಪನಿಗಳಲ್ಲಿಯೂ ಮೂಡಬೇಕಾಗಿದೆ. ಅದು ಮೂಡುವವರೆಗೆ ಶಾಂತವಾಗಿ, ನಗುತ್ತಲೇ, ಕೈಮುಗಿದು ‘ಬೇಡಪ್ಪಾ’ ಎಂದು ಹೇಳುವ ಅಭ್ಯಾಸವನ್ನು ಹಿರಿಯರು ಮಾಡಿಕೊಳ್ಳಬೇಕು. ಮಕ್ಕಳು ಅವರಿಗೆ ಫೋನು ಬಳಸುವುದನ್ನು ಕಲಿಸುವ ಮೊದಲು ಈ ಒಂದು ಮಾತನ್ನು ಹೇಳಲು ಧೈರ್ಯ ತುಂಬಬೇಕು. ಕುಡಿದ ಚಹಾದ ಋಣ ಒಂದು ಶರಣಾರ್ಥಿಯಿಂದ ತೀರುತ್ತದೆ. ಅದಕ್ಕೆ 68 ಕಿಲೋ ಕೊಬ್ಬರಿ ಕೊಡಬೇಕಾಗಿಲ್ಲ.