ಸಣ್ಣ ತುಂಡಿಗೆ ಯಾವ ಪೆನ್ನು?

ಲೇತಿನಲ್ಲಿ ಮರದ ಪೆನ್ನು ಕಡೆಯುವವರಿಗೆಂದು ಮಾರುವ ತುಂಡು ಸಾಮಾನ್ಯವಾಗಿ ಮುಕ್ಕಾಲು ಇಂಚು, ಅಂದರೆ 19 ಮಿ.ಮೀ. ಚೌಕದ್ದು. ಅಷ್ಟು ದಪ್ಪವಿದ್ದರೆ ಹೆಚ್ಚಿನ ಕಿಟ್‌ಗಳೆಲ್ಲ ಒಗ್ಗುತ್ತವೆ. ಆದರೆ ಒಳ್ಳೆಯ ಮರ ಯಾವಾಗಲೂ ಆ ಅಳತೆಯಲ್ಲೇ ಸಿಗಬೇಕಲ್ಲ. ಹಲಗೆ ಸೀಳಿದ ಮೇಲೆ ಉಳಿಯುವ ಬೀಟೆಯ ಅಂಚು, ಹಳೆಯ ತೇಗದ ಬಾಗಿಲಿನ ಪಟ್ಟಿ, ಇವೆಲ್ಲ ಬಹಳ ಸಲ ಅರ್ಧ ಇಂಚನ್ನು ದಾಟುವುದಿಲ್ಲ. ಅದರಲ್ಲೂ ಬೀಟೆ ಸೇರಿದ ಡಾಲ್ಬರ್ಜಿಯಾ ಕುಲವಿಡೀ 2017ರಿಂದ ಅಳಿವಿನಂಚಿನ ಜೀವಿಗಳ ವ್ಯಾಪಾರ ಕುರಿತ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. ಅದರ ಒಂದು ಗೇಣು ಪಟ್ಟಿಯನ್ನೂ ಒಲೆಗೆ ಹಾಕುವಂತಿಲ್ಲ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಇಂಥ ತುಂಡು ಕೈಗೆ ಬಂದಾಗ ಪೆನ್ನಿನ ಮಾದರಿಯನ್ನು ಆರಿಸಬೇಕಾದದ್ದು ಮರದ ದಪ್ಪ ನೋಡಿ. ಹಾಗೆ ನೋಡಿದರೆ 7 ಮಿ.ಮೀ. ಹಿತ್ತಾಳೆ ಕೊಳವೆಯ ಸ್ಲಿಮ್‌ಲೈನ್ ಮಾದರಿಯೇ ಮೊದಲ ಆಯ್ಕೆಯಾಗುತ್ತದೆ.

ಕಾರಣ ಲೆಕ್ಕದಲ್ಲಿದೆ. 13 ಮಿ.ಮೀ. ಚೌಕದ ತುಂಡಿನ ನಟ್ಟನಡುವಿನಿಂದ ಬದಿಗೆ ಇರುವ ದೂರ ಆರೂವರೆ ಮಿ.ಮೀ. ಉದ್ದಕ್ಕೆ ಕೊರೆಯುವಾಗ ಡ್ರಿಲ್ ಬಿಟ್ ಎಳೆಯ ಜಾಡು ಹಿಡಿದು ಸ್ವಲ್ಪ ಸರಿಯುವುದು ಸಹಜ, ಒಂದು ಮಿ.ಮೀ. ಸರಿಯಿತು ಎಂದುಕೊಳ್ಳೋಣ. ಆಮೇಲೆ ತುಂಡು ತಿರುಗುವುದು ತೂತಿನ ಸುತ್ತಲೇ ಆದ್ದರಿಂದ ಒಂದು ಬದಿಗೆ ಉಳಿಯುವುದು ಐದೂವರೆ. ಸ್ಲಿಮ್‌ಲೈನ್‌ನ ಬುಷಿಂಗ್, ಅಂದರೆ ಎಷ್ಟು ಕಡೆಯಬೇಕೆಂದು ತೋರಿಸುವ ಲೋಹದ ಬಳೆ, ಸುಮಾರು 8.4 ಮಿ.ಮೀ. ಅಗಲ, ಅದರ ಅರ್ಧ 4.2, ಇನ್ನೂ ಧಾರಾಳವಾಗಿ ಮರವಿದೆ. ಅದೇ ತುಂಡಿಗೆ ಸಿಯೆರಾ ಮಾದರಿ ಹಾಕಿದರೆ 10.7 ಮಿ.ಮೀ. ತೂತು ಬೇಕು, ಕಡೆದ ಪೆನ್ನು ಸುಮಾರು 12 ಮಿ.ಮೀ. ಆಗಬೇಕು. ಅರ್ಧ ಮಿ.ಮೀ. ಮರ ಕಡಿಮೆ ಬಿದ್ದು ಒಂದು ಬದಿ ಚಪ್ಪಟೆಯಾಗಿ ಉಳಿಯುತ್ತದೆ. ನಡುಪಟ್ಟಿಯ ಬಳಿ ಸುಮಾರು 15 ಮಿ.ಮೀ. ಇರುವ ಸಿಗಾರ್ ಪೆನ್ನಿನ ಮಾತೇ ಬೇಡ. ತೆಳು ಪೆನ್ನಿನ ಗೋಡೆ ಬೇಗ ಸೀಳುತ್ತದೆ ಎಂಬ ಭಯವೂ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಕೊನೆಗೆ ಅಂಚಿನಲ್ಲಿ ಉಳಿಯುವ ಮರ ಸ್ಲಿಮ್‌ಲೈನ್, ಸಿಯೆರಾ ಎರಡರಲ್ಲೂ ಮಿ.ಮೀ.ನ ಮುಕ್ಕಾಲು ಪಾಲಿಗಿಂತ ಕಡಿಮೆಯೇ, ಭಾರ ಹೊರುವುದು ಒಳಗಿನ ಹಿತ್ತಾಳೆ. ಸೀಳು ಬಿಡಿಸುವುದು ಹೆಚ್ಚಾಗಿ ಮರಳು ಕಾಗದ ಒತ್ತಿ ಉಜ್ಜಿದಾಗ ಏರುವ ಕಾವು ಮತ್ತು ಸರಿಯಾಗಿ ಒಣಗದ ಮರ.

ಸಣ್ಣ ಪೆನ್ನು ಹಿಡಿದು ಬರೆದರೆ ಬೆರಳು ನೋಯುತ್ತದೆ ಎಂಬ ಆಕ್ಷೇಪ ಇದಕ್ಕಿಂತ ತೂಕದ್ದು. ಸೀಸದಕಡ್ಡಿ ಇನ್ನೂ ಸಣ್ಣದು ಎಂದು ಅದನ್ನು ತಳ್ಳಿಹಾಕಬಹುದು, ಆದರೆ ಮರದಲ್ಲೇ ಉತ್ತರವಿದೆ. ಸ್ಲಿಮ್‌ಲೈನ್‌ನ ಎರಡು ತುದಿ ಮಾತ್ರ ಲೋಹದ ಬಿಡಿಭಾಗಕ್ಕೆ ಸಮನಾಗಬೇಕು. ನಡುಪಟ್ಟಿಯನ್ನು ಕೈಬಿಟ್ಟರೆ ಹೊಟ್ಟೆಯ ಭಾಗವನ್ನು 11 ಮಿ.ಮೀ. ತನಕ ಉಬ್ಬಿಸಿಡಬಹುದು. ತೂತು ಹೆಚ್ಚು ಸರಿಯದಿದ್ದರೆ 13 ಮಿ.ಮೀ. ತುಂಡು ಅದಕ್ಕೆ ಸಾಕು. ಇನ್ನು ರೀಫಿಲ್. ಸ್ಲಿಮ್‌ಲೈನ್‌ಗೆ ಬೇಕಾದ ಕ್ರಾಸ್ ಮಾದರಿಯದು ಪಾರ್ಕರ್ ಮಾದರಿಯಷ್ಟು ಸುಲಭವಾಗಿ ಅಂಗಡಿಯಲ್ಲಿ ಸಿಗುವುದಿಲ್ಲ. ಇದು ನಿಜವಾದ ಕೊರತೆ. ಉಡುಗೊರೆ ಕೊಡುವವರು ಜೊತೆಗೆ ಒಂದೆರಡು ರೀಫಿಲ್ ಕೊಟ್ಟರೆ ಒಳ್ಳೆಯದು.

ಎರಡು ಪಟ್ಟಿ ಅಂಟಿಸಿ ದಪ್ಪ ಮಾಡಿದರಾಯಿತು ಎನ್ನುವವರೂ ಇದ್ದಾರೆ. ಬೀಟೆಯ ನಡುವೆ ಬಿಳಿ ಮರದ ಎಳೆಯನ್ನು ಬೇಕೆಂದೇ ಕೂರಿಸುವುದಾದರೆ ಅದು ಚಂದ. ದಪ್ಪಕ್ಕಾಗಿ ಮಾತ್ರ ಅಂಟಿಸಿದ ಗೆರೆಯನ್ನು ಮುಚ್ಚುವುದು ಕಷ್ಟ: ದುಂಡಗೆ ಕಡೆದಾಗ ಎರಡೂ ಪಟ್ಟಿಗಳ ಎಳೆ ಆ ಗೆರೆಯಲ್ಲಿ ಬಂದು ತುಂಡಾಗುತ್ತದೆ, ಎಣ್ಣೆಯಂಶದ ಬೀಟೆಯನ್ನು ಮೊದಲು ಅಸಿಟೋನ್‌ನಿಂದ ಒರೆಸದಿದ್ದರೆ ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ಹುಳುಕು ಅಥವಾ ಬಿರುಕು ಇರುವ ತುಂಡಿಗೆ ಮಾತ್ರ ನನ್ನ ವಾದ ಸಲ್ಲದು. ಅಲ್ಲಿ 7 ಮಿ.ಮೀ. ತೂತೂ ಅಪಾಯವೇ. ಚನ್ನಪಟ್ಟಣದ ಬೊಂಬೆಗೆ ಬಳಸುವ ಆಲೆ ಮರದಂಥ ಸಣ್ಣ ಎಳೆಯ, ಮೃದುವಾದ ಮರವಾದರೆ ಬಿಟ್ ನೇರವಾಗಿ ಇಳಿಯುತ್ತದೆ, ಉಳಿಗೂ ಸಿಡಿಯದೆ ಬರುತ್ತದೆ. ಈ ಮಾದರಿಯನ್ನು ಮೊದಲ ಬಾರಿ ಕಡೆಯುವವರು ಬೀಟೆಯನ್ನು ಮುಟ್ಟುವ ಮೊದಲು ಅದರಲ್ಲೇ ಕೈ ಪಳಗಿಸಿಕೊಳ್ಳುವುದು ಮೇಲು.