ಮನೆಯಲ್ಲಿ ಉಳಿದವರ ಟಿಕೆಟ್ಟು

ಆಂಧ್ರದ ನಮ್ಮ ಎಮ್ಮಿಗನೂರಿಗೆ ರೈಲಿಲ್ಲ. ಮದ್ರಾಸಿನ ಕಡೆಯ ಹಳಿ 1871ರಲ್ಲಿ ರಾಯಚೂರು ಮುಟ್ಟಿದಾಗ ಆದೋನಿ, ಕೋಸಿಗಿಗಳ ಮೇಲೆ ಹಾದುಹೋಯಿತು. ನಮ್ಮೂರು ಪಕ್ಕಕ್ಕೆ ಉಳಿಯಿತು. ದೂರದೂರಿಗೆ ಹೊರಟರೆ ಮೊದಲು ಬಸ್ಸು, ಆಮೇಲೆ ಆದೋನಿಯಲ್ಲೋ ಮಂತ್ರಾಲಯಂ ರೋಡಿನಲ್ಲೋ ರೈಲು, ಇಳಿದ ಊರಲ್ಲಿ ಮತ್ತೊಂದು ಬಂಡಿ. ನಾನು ಚಿಕ್ಕವನಿದ್ದಾಗ, ಎಂಬತ್ತರ ದಶಕದಲ್ಲಿ, ರೈಲಿನ ಟಿಕೆಟ್ಟು ಅಪ್ಪನಿಗೆ ಅಷ್ಟು ಭಾರವಾಗುತ್ತಿರಲಿಲ್ಲ. ಹತ್ತಿ ಇಳಿಯುವ ಜಾಗಗಳಲ್ಲೇ ಜೇಬು ಖಾಲಿಯಾಗುತ್ತಿತ್ತು: ಜಟಕಾದವನ ಬಾಡಿಗೆ, ತಪ್ಪಿದ ಬಸ್ಸಿಗಾಗಿ ಕಾಯುವಾಗ ಮಕ್ಕಳ ಹಸಿವು, ಹೋಟೆಲಿನ ಬಿಲ್ಲು.

ಉಳಿತಾಯದ ದಾರಿಗಳು ಅಪ್ಪನಿಗೆ ಗೊತ್ತಿದ್ದವು. ಕಟಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಳ್ಳುವುದು. ಒಬ್ಬೊಬ್ಬರ ಕೈಗೆ ಒಂದೇ ಚೀಲ, ಕೂಲಿಯವನನ್ನು ಕರೆಯುವಂತಿಲ್ಲ. ರಾತ್ರಿ ಇಳಿದರೆ ಬೆಳಗಿನ ಮೊದಲ ಬಸ್ಸಿನ ತನಕ ಪ್ಲಾಟ್‌ಫಾರ್ಮಿನಲ್ಲೇ ಮಲಗುವುದು. ಇವೆಲ್ಲಕ್ಕಿಂತ ದೊಡ್ಡ ಉಳಿತಾಯ ಬೇರೆ ಇತ್ತು. ಅವ್ವನನ್ನು ಮನೆಯಲ್ಲಿ ಬಿಡುವುದು.

ಯಾರೂ ಹಾಗೆಂದು ಹೇಳುತ್ತಿರಲಿಲ್ಲ. "ನೀವು ಹೋಗಿ ಬರ್ರಿ, ನಾ ಮನಿ ನೋಡ್ಕಂತೀನಿ" ಅಂತ ಅವ್ವನೇ ಅನ್ನುತ್ತಿದ್ದಳು. ನಮ್ಮದು ನೇಕಾರರ ಮನೆ. ಮಾಚಾನಿ ಸೋಮಪ್ಪನವರು 1938ರಲ್ಲಿ ಕಟ್ಟಿದ ಸಹಕಾರ ಸಂಘದಿಂದ ಊರೇ ನೇಯ್ಗೆಯ ಊರಾಗಿತ್ತು. ಮಗ್ಗ ನಿಂತ ದಿನ ಕೂಲಿ ಇಲ್ಲ. ಅಪ್ಪ ಹೋದರೆ ಚಿಕ್ಕಪ್ಪ ನೇಯಬೇಕು, ಅವನಿಗೆ ಕಂಡಿಕೆ ಸುತ್ತಿ ಕೊಡಲು ಅವ್ವ ಇರಬೇಕು. ಟಿಕೆಟ್ಟಿನ ದುಡ್ಡೂ ಉಳಿಯಿತು, ಕೂಲಿಯೂ ಉಳಿಯಿತು. ಲೆಕ್ಕ ಸರಿಯಾಗಿಯೇ ಇತ್ತು. ಆ ಲೆಕ್ಕದಲ್ಲಿ ಪ್ರತಿ ಸಲ ಕಳೆಯುತ್ತಿದ್ದದ್ದು ಒಬ್ಬಳೇ ಹೆಂಗಸನ್ನು. ಆ ಕಾಲ ಚೆನ್ನಾಗಿತ್ತು ಅನ್ನುವವರ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಅವ್ವನ ತವರು ಸಿರುಗುಪ್ಪ, ಆದೋನಿ ದಾಟಿದರೆ ಬಸ್ಸಿನಲ್ಲಿ ಸ್ವಲ್ಪ ಹೊತ್ತು. 1953ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದಾಗ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಬಂದವು, ಸಿರುಗುಪ್ಪ ಮೈಸೂರಿನ ಕಡೆ ಉಳಿಯಿತು. ಅವ್ವ ತವರಿಗೆ ಹೋಗದಿದ್ದುದಕ್ಕೆ ಆ ಗಡಿ ಕಾರಣವಲ್ಲ. ಬಸ್ಸಿನ ದುಡ್ಡು ಕೇಳಬೇಕಿತ್ತಲ್ಲ, ಅದು ಕಾರಣ. ಅವಳ ಅಣ್ಣನ ಮಗಳ ಮದುವೆಗೆ ಅಪ್ಪ ಮಕ್ಕಳಾದ ನಮ್ಮಿಬ್ಬರನ್ನು ಕರೆದುಕೊಂಡು ಹೋದರು. ಅವ್ವ ಕಳಿಸಿದ ಸೀರೆ ಹೋಯಿತು, ಅವ್ವ ಹೋಗಲಿಲ್ಲ.

ಈಗ ಅವ್ವನಿಗೆ ಎಪ್ಪತ್ತು ದಾಟಿದೆ. 2025ರ ಆಗಸ್ಟ್ 15ರಿಂದ ಆಂಧ್ರದಲ್ಲಿ ಹೆಂಗಸರಿಗೆ ಬಸ್ಸು ಉಚಿತ ಮಾಡುವ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಆದೋನಿ, ಕರ್ನೂಲಿಗೆ ಪಲ್ಲೆವೆಲುಗು ಬಸ್ಸಿನಲ್ಲೂ ಎಕ್ಸ್‌ಪ್ರೆಸ್ಸಿನಲ್ಲೂ ಸೊನ್ನೆ ಟಿಕೆಟ್ಟಿನಲ್ಲಿ ಹೋಗುತ್ತಾಳೆ. ಆಧಾರ್ ಕಾರ್ಡು ತೋರಿಸಿದರೆ ಸಾಕು, ಮನೆಯಲ್ಲಿ ಯಾರನ್ನೂ ಕೇಳಬೇಕಾಗಿಲ್ಲ. ರೈಲಿನ ಕಡೆ ಇದರ ತದ್ವಿರುದ್ಧ: ಹಿರಿಯರಿಗಿದ್ದ ರಿಯಾಯಿತಿ, ಹೆಂಗಸರಿಗಾದರೆ ಅರ್ಧ ದರ, 2020ರ ಮಾರ್ಚಿನಲ್ಲಿ ನಿಂತದ್ದು ಮತ್ತೆ ಬರಲಿಲ್ಲ. ಐದು ತುಂಬಿದ ಮಗುವಿಗೆ ಬೇರೆ ಬರ್ತ್ ಬೇಕೆಂದರೆ 2016ರಿಂದ ಪೂರ್ತಿ ದರ. ಹಾಗಾಗಿ ಮೊಮ್ಮಕ್ಕಳೊಡನೆ ಹೊರಡುವಾಗ ಹತ್ತಿರದ ಊರಿಗೆ ಬಸ್ಸೇ ಮೇಲು. ಮೂರು ಕಡೆ ಬದಲಿಸಬೇಕು, ಗಂಡಸರೂ ಹೆಚ್ಚು, ಮೊಣಕಾಲು ನೋವಿನವರೂ ಇದ್ದಾರೆಂದರೆ ಬಾಡಿಗೆ ಕಾರು ಮಾಡಿ ಖರ್ಚು ಹಂಚಿಕೊಳ್ಳುವುದೇ ವಾಸಿ. ಅಪ್ಪ ಇದ್ದಿದ್ದರೆ ಇದನ್ನು ದುಂದು ಅನ್ನುತ್ತಿದ್ದರು.

ಗಡಿ ಈಗ ಕಾಡುತ್ತದೆ. ಸಿರುಗುಪ್ಪಕ್ಕೆ ಕೊಟ್ಟಿರುವ ನನ್ನ ತಂಗಿಯ ಆಧಾರ್ ಕರ್ನಾಟಕದ್ದು. ಅಲ್ಲಿ 2023ರ ಜೂನ್ 11ರಿಂದ ಇಂಥದೇ ಶಕ್ತಿ ಯೋಜನೆ ಇದೆ, ಆದರೆ ಎರಡೂ ಆಯಾ ರಾಜ್ಯದ ಹೆಂಗಸರಿಗೆ ಮಾತ್ರ. ಸಿರುಗುಪ್ಪದಿಂದ ಬಳ್ಳಾರಿಗೆ ತಾಯಿ ಮಗಳು ಹೊರಟರೆ ಮಗಳಿಗೆ ಸೊನ್ನೆ, ಅವ್ವನಿಗೆ ದುಡ್ಡು. ಜನವರಿಯ ನೀಲಕಂಠೇಶ್ವರ ಜಾತ್ರೆಗೆ ತಂಗಿ ಬಂದಾಗ ಆದೋನಿಯಿಂದ ಎಮ್ಮಿಗನೂರಿಗೆ ಅವ್ವನಿಗೆ ಸೊನ್ನೆ, ತಂಗಿಗೆ ದುಡ್ಡು. ಎರಡೂ ರಾಜ್ಯಗಳ ನಡುವೆ ಓಡುವ ಆಂಧ್ರದ ಬಸ್ಸಿಗೆ ಸ್ತ್ರೀಶಕ್ತಿ ಅನ್ವಯಿಸುವುದಿಲ್ಲ. ಕೆಲವರು ಗಡಿಯ ಹಳ್ಳಿಯಲ್ಲಿ ಇಳಿದು ಬಸ್ಸು ಬದಲಿಸಿ ಒಂದಿಷ್ಟು ಉಳಿಸುತ್ತಾರೆ. ಮಕ್ಕಳನ್ನು ಕಟ್ಟಿಕೊಂಡು ನೆರಳಿಲ್ಲದ ಕಡೆ ನಿಲ್ಲುವ ಆ ಉಳಿತಾಯ ನನಗೆ ಬೇಡ. ನಾವು ನೇರ ಬಸ್ಸಿಗೆ ಟಿಕೆಟ್ ತೆಗೆಸುತ್ತೇವೆ.

ಗಡಿ ತಾಲೂಕುಗಳ ಹೆಂಗಸರಿಗಾದರೂ ಎರಡು ಸರ್ಕಾರಗಳು ಒಂದರ ಕಾರ್ಡನ್ನು ಇನ್ನೊಂದು ಒಪ್ಪಬೇಕು. ಹೆಣ್ಣು ಕೊಟ್ಟು ತರುವುದು ಇಲ್ಲಿ ಎರಡೂ ಕಡೆ ನಡೆದೇ ಇದೆ. ತವರಿನ ದಾರಿಯೂ ಹಾಗೇ ತೆರೆದಿರಲಿ. ಅವ್ವ ಅದಕ್ಕಾಗಿ ಕಾಯುತ್ತಿಲ್ಲ. ಆದೋನಿ ತನಕ ಉಳಿದ ದುಡ್ಡನ್ನು ಸಿರುಗುಪ್ಪದ ಟಿಕೆಟ್ಟಿಗೆ ಎತ್ತಿಟ್ಟುಕೊಂಡಿದ್ದಾಳೆ, ಮುಂದಿನ ವಾರ ತವರಿಗೆ ಹೊರಟಿದ್ದಾಳೆ.