ಮೂಕ ಜೀವಿಗಳಿಗೆ ನಮ್ಮ ಕೈಯ ಆಟಿಕೆ

ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಬಟ್ಟೆಯನ್ನು ಕಸವೆಂದು ಹೊರಗೆಸೆಯುವ ರೂಢಿ ಹಿಂದೆ ಇರಲಿಲ್ಲ. ಉಟ್ಟು ಸವೆದ ಇಳಕಲ್ ಸೀರೆ, ಧೋತರ, ಮಕ್ಕಳ ಅಂಗಿ ಇವೆಲ್ಲ ಪದರ ಪದರವಾಗಿ ಕೂಡಿ ಕೌದಿಯಾಗುತ್ತಿದ್ದವು. ಕೌದಿ ಹರಿದ ಮೇಲೆ ಅದರ ತುಂಡು ಒಲೆಯ ಮೇಲಿನ ಪಾತ್ರೆ ಹಿಡಿಯಲು ಒದಗುತ್ತಿತ್ತು. ಕೊನೆಗೆ ಉಳಿದ ಚಿಂದಿಯೂ ದೀಪದ ಬತ್ತಿಯಾಗುತ್ತಿತ್ತು. ಮನೆಯ ಪಶುಗಳಿಗೂ ಈ ಉಳಿತಾಯದಲ್ಲಿ ಪಾಲಿತ್ತು. ಕಾರಹುಣ್ಣಿಮೆಗೆ ಎತ್ತಿನ ಬೆನ್ನಿಗೆ ಹೊದಿಸುವ ಜೂಲ, ಕೊಂಬಿನ ಗೊಂಡೆ, ಕೊರಳ ಹಗ್ಗ ಮೊದಲಾದವನ್ನು ಮನೆಯವರೇ ಕೈಯಾರೆ ಸಿದ್ಧಪಡಿಸುತ್ತಿದ್ದರು.

ನಾನು ಬಾಲ್ಯದಲ್ಲಿ ಮಠದಲ್ಲಿದ್ದು ಸಂಸ್ಕೃತ, ಹಳಗನ್ನಡಗಳನ್ನು ಓದಿದವನು. ಪಾಠ ಮುಗಿದ ಬಳಿಕ ದನದ ಕೊಟ್ಟಿಗೆಯ ಕೆಲಸವೂ ನಮ್ಮ ಪಾಲಿಗೆ ಬರುತ್ತಿತ್ತು. ಪುಂಡಿಯ ನಾರನ್ನು ನೆನೆಸಿ, ತೊಳೆದು, ಒಣಗಿಸಿ, ಎಳೆಗೆ ಎಳೆ ಕೂಡಿಸಿ ಹಗ್ಗ ಹೊಸೆಯುವುದನ್ನು ಅಲ್ಲಿಯ ಹಿರಿಯರೊಬ್ಬರು ನಮಗೆ ಕಲಿಸಿದ್ದರು. ಆ ವಿದ್ಯೆ ಸುಮಾರು ಐವತ್ತು ವರ್ಷಗಳ ಅನಂತರ ಒಂದು ನಾಯಿಮರಿಗಾಗಿ ಒದಗಿ ಬಂದೀತೆಂದು ನಾನು ಎಣಿಸಿರಲಿಲ್ಲ.

ಎರಡು ವರ್ಷಗಳ ಹಿಂದೆ ನಮ್ಮ ಮನೆಗೆ ಮುಧೋಳ ತಳಿಯ ಮರಿಯೊಂದು ಬಂದಿತು. ಈ ತಳಿ ನಮ್ಮ ನಾಡಿನ ಹೆಮ್ಮೆ. 2005ರಲ್ಲಿ ಭಾರತೀಯ ಅಂಚೆ ಇಲಾಖೆಯು ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಇದಕ್ಕಾಗಿ ಸಂಶೋಧನಾ ಕೇಂದ್ರವೂ ಇದೆ. ವಾಸನೆಗಿಂತ ಹೆಚ್ಚಾಗಿ ಕಣ್ಣಿನ ಬಲದಿಂದ ಬೇಟೆಯನ್ನು ಅಟ್ಟುವ ಪ್ರಾಣಿಯಿದು. ಹೊಲದ ಬಯಲಿನಲ್ಲಿ ಓಡಬೇಕಾದ ಇಂಥ ಜೀವಿಗೆ ಪಟ್ಟಣದ ಮನೆಯ ಅಂಗಳ ಸಾಲುವುದೆಂತು? ಅದರ ಮೇಲೆ ಹಲ್ಲು ಬದಲಾಗುವ ಕಾಲ. ನಾಯಿಮರಿಗೆ 28 ಹಾಲುಹಲ್ಲುಗಳಿರುತ್ತವೆ. ನಾಲ್ಕನೆಯ ತಿಂಗಳಿನ ಹೊತ್ತಿಗೆ ಅವು ಬೀಳತೊಡಗಿ, ಏಳು ತಿಂಗಳು ತುಂಬುವಷ್ಟರಲ್ಲಿ 42 ಸ್ಥಿರ ದಂತಗಳು ಮೂಡುತ್ತವೆ. ಆಗ ವಸಡಿನ ನೋವಿಗೆ ಅದು ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ಚಪ್ಪಲಿ, ಕಂಬಳಿಯ ಅಂಚು, ನನ್ನ ಪುಸ್ತಕದ ರಟ್ಟು ಯಾವುದೂ ಉಳಿಯಲಿಲ್ಲ. "ಇದನ್ನ ಹೊಲದ ಮನಿಗೆ ಕಳಿಸಿಬಿಡೂಣ್ರಿ ಮಾವಾರ" ಎಂದು ಸೊಸೆ ಬೇಸತ್ತು ನುಡಿದಳು. ಮೊಮ್ಮಗಳ ಮುಖ ಬಾಡಿತು.

ಇದನ್ನು ಕೇಳಿದ ಬಂಧುವೊಬ್ಬರು ಅಕ್ಕರೆಯಿಂದ ಪೇಟೆಯ ಆಟಿಕೆಯೊಂದನ್ನು ತಂದುಕೊಟ್ಟರು. ಅದುಮಿದರೆ ಸೀಟಿಯಂತೆ ಕೂಗುವ ಗೊಂಬೆ ಅದು. ಮರಿಯು ಒಂದೇ ರಾತ್ರಿಯಲ್ಲಿ ಅದನ್ನು ಸಿಗಿದು ಒಳಗಿನ ಪ್ಲಾಸ್ಟಿಕ್ ಸೀಟಿಯನ್ನು ನುಂಗಿಬಿಟ್ಟಿತು. ಮರುದಿನ ಅನ್ನ ಮುಟ್ಟಲಿಲ್ಲ, ಕುಡಿದ ನೀರೂ ವಾಂತಿಯಾಯಿತು. ಪಶುವೈದ್ಯರು ಶಸ್ತ್ರಚಿಕಿತ್ಸೆ ಮಾಡಿ ಅದನ್ನು ಹೊರತೆಗೆಯಬೇಕಾಯಿತು. ಆ ಇಡೀ ದಿನ ಮೊಮ್ಮಗಳು ತುತ್ತು ಅನ್ನವನ್ನೂ ಉಣ್ಣಲಿಲ್ಲ.

ವೈದ್ಯರು ಹೇಳಿದ ಮಾತುಗಳನ್ನು ವಾಚಕ ಬಂಧುಗಳೂ ತಿಳಿದಿರಬೇಕು. ಆಕಳ ಹೊಟ್ಟೆ ಸೇರಿದ ಪ್ಲಾಸ್ಟಿಕ್ ಚೀಲ ಜೀರ್ಣವಾಗುವುದೂ ಇಲ್ಲ, ಮುಂದೆ ಸಾಗುವುದೂ ಇಲ್ಲ. ಅಲ್ಲಿಯೇ ಗಂಟುಗಟ್ಟಿ ಬೆಳೆಯುತ್ತದೆ. ಬೆಕ್ಕಿಗೆ ದಾರವೇ ಶತ್ರು. ನುಂಗಿದ ದಾರದ ಒಂದು ತುದಿ ನಾಲಿಗೆಯ ಬುಡದಲ್ಲಿ ಸಿಕ್ಕಿಕೊಂಡರೆ, ಕರುಳು ಅದರ ಸುತ್ತ ಸೀರೆಯ ನೆರಿಗೆಯಂತೆ ಮುದುಡಿ, ಸೀಳಿಹೋಗಲೂಬಹುದು. ಬಾಯಿಂದ ದಾರ ಹೊರಗೆ ಕಂಡರೂ ಅದನ್ನು ಎಳೆಯಕೂಡದು. ಒಡನೆಯೇ ವೈದ್ಯರಲ್ಲಿಗೆ ಒಯ್ಯಬೇಕು.

ಮರಿ ಚೇತರಿಸಿಕೊಂಡ ಮೇಲೆ ಮೊಮ್ಮಗಳು ಬಂದು, "ಅಜ್ಜಾ, ಅದಕ್ಕ ಕಡೀಲಿಕ್ಕೆ ಏನರ ಬೇಕಲ್ಲ? ನೀನೇ ಮಾಡಿಕೊಡು" ಎಂದು ಕೇಳಿದಳು. ಆಗ ನನಗೆ ಕೊಟ್ಟಿಗೆಯ ಹಗ್ಗ ನೆನಪಾಯಿತು. ನನ್ನ ಹಳೆಯ ಹತ್ತಿಯ ಧೋತರವನ್ನು ಬಿಸಿನೀರಿನಲ್ಲಿ ಒಗೆದು ಒಣಗಿಸಿ, ನಾಲ್ಕು ಬೆರಳಗಲ, ಎರಡು ಮೊಳ ಉದ್ದದ ಒಂಬತ್ತು ಪಟ್ಟಿಗಳನ್ನು ಹರಿದೆವು. ಅವನ್ನು ಕೂಡಿಸಿ ಒಂದು ತುದಿಗೆ ಗಂಟು ಹಾಕಿ, ಮೂರು ಮೂರು ಪಟ್ಟಿಗಳ ಮೂರು ಎಳೆ ಮಾಡಿ, ಹೆಣ್ಣುಮಕ್ಕಳ ಜಡೆಯಂತೆ ಬಿಗಿಯಾಗಿ ಹೆಣೆದು, ಇನ್ನೊಂದು ತುದಿಗೂ ಗಂಟು ಬಿಗಿದೆವು. ಹೆಣಿಗೆ ಬಿಗಿಯಾದಷ್ಟೂ ಅದರ ಬಾಳಿಕೆ ಹೆಚ್ಚು. ಇದನ್ನು ನೀರಿನಲ್ಲಿ ನೆನೆಸಿ ತಣ್ಣಗಾಗಿಸಿ ಕೊಟ್ಟರೆ ಮರಿಯ ವಸಡಿಗೆ ಹಿತವೆನಿಸುತ್ತದೆ. ಹಾಲುಹಲ್ಲಿನ ಮರಿಯೊಡನೆ ಮಾತ್ರ ಜೋರಾಗಿ ಜಗ್ಗಾಡಬಾರದು.

ಅಟ್ಟುವ ಸ್ವಭಾವದ ನಾಯಿಗೆ ಇನ್ನೊಂದು ಆಟವುಂಟು. ಉದ್ದನೆಯ ಬಿದಿರುಕೋಲಿನ ತುದಿಗೆ ಹಗ್ಗ ಕಟ್ಟಿ, ಹಗ್ಗದ ಕೊನೆಗೆ ಬಟ್ಟೆಯ ಉಂಡೆಯನ್ನು ಬಿಗಿದು ಅಂಗಳದಲ್ಲಿ ಎಳೆದಾಡಿದರೆ ಸಾಕು, ಅದು ದಣಿಯುವವರೆಗೂ ಓಡುತ್ತದೆ. ಆಟ ಮುಗಿದ ಕೂಡಲೇ ಕೋಲು, ಹಗ್ಗಗಳನ್ನು ಮೇಲೆತ್ತಿ ಇಡಬೇಕು. ಬೆಕ್ಕಿಗಂತೂ ಖರ್ಚೇ ಇಲ್ಲ. ಖಾಲಿ ರಟ್ಟಿನ ಡಬ್ಬಿಗೆ ಎರಡು ಕಿಂಡಿ ಕೊರೆದಿಟ್ಟರೆ ಅದೇ ಅರಮನೆ, ಮುದ್ದೆ ಮಾಡಿದ ಕಾಗದವೇ ಚೆಂಡು. ಡಬ್ಬಿಯ ಪಿನ್ನು, ಅಂಟುಪಟ್ಟಿಗಳನ್ನು ಮೊದಲೇ ತೆಗೆದಿರಬೇಕು.

ಕೆಲವು ನಿಷೇಧಗಳನ್ನೂ ಹೇಳಬೇಕು. ಗುಂಡಿ, ಕೊಕ್ಕೆ, ಜಿಪ್ಪು, ಜರಿಯಿರುವ ಬಟ್ಟೆ ಬೇಡ. ನೈಲಾನ್ ಮೊದಲಾದ ಕೃತಕ ನೂಲಿನ ಬಟ್ಟೆಯೂ ಬೇಡ. ರಸಗೊಬ್ಬರ, ಕ್ರಿಮಿನಾಶಕ ತುಂಬಿದ್ದ ಚೀಲವನ್ನು ಎಷ್ಟು ತೊಳೆದರೂ ಬಳಸಲಾಗದು. ಹಳೆಯ ಚಪ್ಪಲಿಯನ್ನು ಆಟಕ್ಕೆ ಕೊಟ್ಟರೆ ನಾಯಿಗೆ ಹೊಸದು ಯಾವುದು, ಹಳೆಯದು ಯಾವುದೆಂಬ ಭೇದ ತಿಳಿಯದು. ಆಟಿಕೆಯು ಪ್ರಾಣಿಯ ಬಾಯೊಳಗೆ ಇಡಿಯಾಗಿ ಹೋಗುವಷ್ಟು ಚಿಕ್ಕದಿರಬಾರದು. ಹತ್ತಿಯಾದರೂ ನುಂಗಿದರೆ ಅಪಾಯವೇ. ಆದುದರಿಂದ ಆಟವಾಡುವಾಗ ಒಬ್ಬರ ಕಣ್ಣು ಅದರ ಮೇಲಿರಬೇಕು. ವಾರಕ್ಕೊಮ್ಮೆ ಒಗೆದು ಬಿಸಿಲಿಗೆ ಹಾಕಬೇಕು, ಎಳೆ ಬಿಚ್ಚತೊಡಗಿದೊಡನೆ ತೆಗೆದುಬಿಡಬೇಕು. ಅಪ್ಪಟ ಹತ್ತಿಯ ಆ ಚಿಂದಿಯನ್ನು ತಿಪ್ಪೆಗೆ ಹಾಕಿದರೆ ಕೊಳೆತು ಗೊಬ್ಬರವಾಗುತ್ತದೆ. ಪ್ಲಾಸ್ಟಿಕ್ ಗೊಂಬೆಗೆ ಅಂಥ ಸದ್ಗತಿಯಿಲ್ಲ.

2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ದೇಶದಾದ್ಯಂತ ನಿಷೇಧಿಸಲಾಗಿದೆ. ಆದರೆ ಆಟಿಕೆಗಳು ಆ ಪಟ್ಟಿಯಲ್ಲಿಲ್ಲ. ಕಾನೂನಿನ ಕೈ ತಲುಪದಲ್ಲಿ ಗೃಹಸ್ಥರ ವಿವೇಕವೇ ಕಾಯಬೇಕು.

ನಮ್ಮ ಮರಿ ಈಗ ಬೆಳೆದು ನಿಂತಿದೆ. ಅದನ್ನು ಹೊಲದ ಮನೆಗೆ ಕಳಿಸುವ ಮಾತನ್ನು ಯಾರೂ ಎತ್ತುವುದಿಲ್ಲ. ಸೊಸೆಯೇ ಹಳೆಯ ಸೀರೆಯ ಹತ್ತಿಯ ಭಾಗವನ್ನು ಕತ್ತರಿಸಿ ಬೇರೆ ಇಡುತ್ತಾಳೆ. ಆಟಿಕೆಯೊಂದೇ ಸಾಲದು, ಬೆಳಗು ಬೈಗು ಅದನ್ನು ತಿರುಗಾಡಿಸುವುದೂ ಬೇಕೆಂಬುದನ್ನು ಮೊಮ್ಮಗಳು ಅರಿತಿದ್ದಾಳೆ. ಕೊಂಡು ತಂದ ವಸ್ತುವಿನಲ್ಲಿ ನಮ್ಮ ಹಣವಿರುತ್ತದೆ, ಹೆಣೆದು ಕೊಟ್ಟದ್ದರಲ್ಲಿ ನಮ್ಮ ಹೊತ್ತು ಇರುತ್ತದೆ. ಮೂಕ ಜೀವಿ ನಮ್ಮಿಂದ ಬಯಸುವುದು ಆ ಹೊತ್ತನ್ನೇ. ಬರುವ ರಜೆಯಲ್ಲಿ ತಾಯಂದಿರು ಮಕ್ಕಳನ್ನು ಬಳಿಯಲ್ಲಿ ಕೂಡಿಸಿಕೊಂಡು ಒಂದು ಹಳೆಯ ಧೋತರದಿಂದ ಈ ಕೆಲಸವನ್ನು ಆರಂಭಿಸಲಿ.